ಶಬ್ದ ಶುರುವಾದಾಗಲೇ
ರಿಪೇರಿಗೆ ಬರುವ ಪಿಕಪ್ ಗಾಡಿ ಇನ್ನೂ ಬೀದಿಯ ತಿರುವಿನಲ್ಲಿರುವಾಗಲೇ ಅದರ ಶಬ್ದ ಕೇಳಿ ಗೇರ್‌ಬಾಕ್ಸ್ ಮೇಸ್ತ್ರಿ ಊಟದ ತಟ್ಟೆಯಿಂದ ತಲೆಯೆತ್ತಿ, "ಬೇರಿಂಗ್ ಹೋಗಿದೆ ಕಣೇ" ಎಂದು ಹೆಂಡತಿಗೆ ಹೇಳಿಬಿಡುತ್ತಿದ್ದ. ಆದರೂ ಗಾಡಿಯಡಿ ತೂರಿ, ಸ್ಕ್ರೂಡ್ರೈವರಿನ ತುದಿಯನ್ನು ಗೇರ್‌ಬಾಕ್ಸಿಗೂ ಹಿಡಿಯನ್ನು ಕಿವಿಗೂ ಒತ್ತಿ, "ಕ್ಲಚ್ ತುಳಿ... ಈಗ ಬಿಡು" ಎನ್ನುತ್ತಾ ನಾಡಿ ಹಿಡಿದ ವೈದ್ಯನಂತೆ ಕಣ್ಣು ಮುಚ್ಚುತ್ತಿದ್ದ. ಹೊರಬಂದವನೇ ಗಾಡಿಯವನಿಗೆ ಮಂಗಳಾರತಿ ಎತ್ತುತ್ತಿದ್ದ: "ಶಬ್ದ ಶುರುವಾದಾಗ್ಲೇ ಬರೋಕೇನು ಧಾಡಿ ನಿಂಗೆ? ಗೇರಿನ ಹಲ್ಲೆಲ್ಲಾ ಉದುರಿದ ಮೇಲೆ ತಂದಿದ್ದೀಯಲ್ಲ!" ಅದೇ ಹೊತ್ತಿಗೆ ಒಳಗೆ ಹೆಂಡತಿ ಕೆಮ್ಮಿದರೆ, "ಧೂಳು ಕಣೇ, ಬಿಸಿನೀರು ಕುಡಿ" ಎಂದು ಕೂಗುತ್ತಿದ್ದ. ಕೊನೆಗೆ ಅವಳ ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿದ ಡಾಕ್ಟರು ಅವನತ್ತ ತಿರುಗಿ, "ಕೆಮ್ಮು ಶುರುವಾದಾಗ್ಲೇ ಯಾಕೆ ಕರ್ಕೊಂಡು ಬರಲಿಲ್ಲ?" ಎಂದರು. ಅವಳು ತೀರಿಹೋದ ಮೇಲೆ ಮೇಸ್ತ್ರಿ ಯಾರನ್ನೂ ಬೈದಿಲ್ಲ. ಡ್ರೈವರು ಇಂಜಿನ್ ಆರಿಸಿ ಕೆಳಗಿಳಿದರೂ, ಸ್ಕ್ರೂಡ್ರೈವರನ್ನು ಕಿವಿಗೊತ್ತಿಕೊಂಡು ಗಾಡಿಯಡಿಯಲ್ಲೇ ಮಲಗಿರುತ್ತಾನೆ.