ಹನಗೋಡಿನಾಚೆಗೆ ಹೋಗದ ಸವಾರಿ

ಹುಣಸೂರಿನಿಂದ ಹನಗೋಡು ದಾಟಿ ಕಾಡಂಚಿನವರೆಗೆ ಸೈಕಲ್ಲಿನಲ್ಲಿ ಹೋಗಿಬರಲು ನನ್ನ ಗೆಳೆಯ ಎಂಟು ದಿನ ಯೋಜನೆ ಹಾಕಿದ. ಭೂಗೋಳದಲ್ಲಿ ಎರಡು ಸಲ ಫೇಲಾಗಿದ್ದ ಪುಣ್ಯಾತ್ಮ, ಲಗ್ನಪತ್ರಿಕೆಯ ಹಿಂದೆ ನಕ್ಷೆ ಬರೆದು ಒಂದೊಂದು ಏರಿಗೂ ಕೆಂಪು ಗೀಟು ಎಳೆದಿದ್ದ. "ತೀರಾ ಕಷ್ಟಾನೂ ಅಲ್ಲ, ತೀರಾ ಸಲೀಸೂ ಅಲ್ಲ ಕಣ್ಲಾ," ಅಂದ.

ರಾಹುಕಾಲ ಕಳೆಯಲೆಂದು ಕಾದು, ಚಕ್ರದಡಿ ನಿಂಬೆಹಣ್ಣಿಟ್ಟು ಹೊರಟೆವು. ಹನಗೋಡಿನಲ್ಲಿ ನನ್ನ ಸೋದರತ್ತೆ ಬಾಗಿಲಲ್ಲೇ ನಿಂತಿದ್ದಳು.

"ಮನೆ ಮುಂದ್ಲಿಂದ್ಲೇ ಉಣ್ದೆ ಓಯ್ತೀರೇನ್ಲಾ?" ಎಂದು ಸೈಕಲ್ಲುಗಳನ್ನು ಒಳಗಿಡಿಸಿ, ಕೋಳಿ ಹಿಡಿಯಲು ಓಡಿದಳು.

ಮೂರನೇ ಮುದ್ದೆಯ ಮೇಲೆ ನಮಗೆ ಏಳಲೂ ಆಗಲಿಲ್ಲ, ಪೆಡಲು ತುಳಿಯುವ ಮಾತೆಲ್ಲಿ! ಸಂಜೆ ಸೈಕಲ್ಲುಗಳನ್ನು ಬಸ್ಸಿನ ಟಾಪಿಗೇರಿಸಿ ಹುಣಸೂರಿಗೆ ಮರಳಿದೆವು. ಇಳಿದವನೇ ಗೆಳೆಯ ನಕ್ಷೆ ತೆಗೆದು, ನಮ್ಮತ್ತೆಯ ಮನೆಯ ಮೇಲೆ ಎಲ್ಲಕ್ಕಿಂತ ದಪ್ಪನೆಯ ಕೆಂಪು ಗೀಟು ಎಳೆದ.