ತವುಡಿಗೆ ಕೊಂಡ ಮಗ

ಲಾಕ್‌ಡೌನ್ ಮುಗಿದು ಕೋರ್ಟುಗಳಲ್ಲಿ ಮತ್ತೆ ಎಂದಿನ ಗಜಿಬಿಜಿ ಶುರುವಾದ ವರ್ಷ. ಪಾಂಡವಪುರದಲ್ಲಿ ನಾನು ವಕೀಲನೆಂದು ಬೋರ್ಡು ಹಾಕಿ ಮೂವತ್ತು ವರ್ಷ ದಾಟಿತ್ತು. ಶ್ರೀರಂಗಪಟ್ಟಣ, ಕೆ.ಆರ್. ಪೇಟೆ, ನಾಗಮಂಗಲ, ಎಲ್ಲಿ ಜಮೀನಿನ ದಾವೆ ಬಿದ್ದರೂ ಎರಡರಲ್ಲೊಂದು ಪಕ್ಷ ನನ್ನ ಆಫೀಸಿನ ಮೆಟ್ಟಿಲು ಹತ್ತುತ್ತಿತ್ತು. ಪಾಟೀ ಸವಾಲು ನನ್ನ ಕೈಚಳಕ. ಎದುರು ಪಕ್ಷದ ಸಾಕ್ಷಿಯನ್ನು ಕಟಕಟೆಯಲ್ಲಿ ನಿಲ್ಲಿಸಿ, ಪ್ರಶ್ನೆ ಕೇಳಿ ಕೇಳಿ ಅವನ ಮಾತನ್ನು ಅವನ ಬಾಯಿಂದಲೇ ಕೆಡವುವ ಕೆಲಸ ಅದು. ನನ್ನ ಪಾಟೀ ಸವಾಲು ಇದೆಯೆಂದರೆ ಕಿರಿಯ ವಕೀಲರು ಕಾಫಿಗೂ ಹೋಗದೆ ಹಿಂದಿನ ಬೆಂಚಿನಲ್ಲಿ ಬಂದು ಕೂರುತ್ತಿದ್ದರು. ಅದು ನನಗೆ ಗೊತ್ತಿತ್ತು, ಗೊತ್ತಿದ್ದೇ ನಾನು ಇನ್ನಷ್ಟು ಉಬ್ಬುತ್ತಿದ್ದೆ. ಜಂಬ ಇರಲಿಲ್ಲ ಎಂದು ಈಗ ಬರೆದರೆ ನನ್ನನ್ನು ಬಲ್ಲವರು ನಕ್ಕಾರು.

ಆ ವರ್ಷ ನನ್ನ ಬಳಿ ಬಂದವರು ಚಿನಕುರಳಿ ಕಡೆಯ ನಂಜೇಗೌಡ. ಅರವತ್ತು ದಾಟಿದ ಗಟ್ಟಿ ಆಳು. ಅವರ ಅಣ್ಣ ಚನ್ನೇಗೌಡರು ಆ ಸೀಮೆಗೆಲ್ಲ ದೊಡ್ಡ ಕುಳ. ನಾಲೆ ಬಯಲಿನ ಗದ್ದೆ, ಕಬ್ಬಿನ ತಾಕುಗಳು, ಬೆಲ್ಲ ತೆಗೆಯುವ ಎರಡು ಆಲೆಮನೆ, ಎಲ್ಲಾ ಅವರ ಸ್ವಯಾರ್ಜಿತ. ಎದುರಿಗೆ ಬಂದವರು ಹೆಗಲ ಮೇಲಿನ ಟವಲು ಇಳಿಸಿ ಮಾತಾಡಿಸುವಂಥ ಗತ್ತು. ಕಬ್ಬು ಕಡಿಯುವ ಕಾಲದಲ್ಲಿ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ. ಹೆಂಡತಿ ಸಾಕಮ್ಮ ಮೊದಲೇ ತೀರಿಕೊಂಡಿದ್ದರು. ವಿಲ್ ಬರೆದಿರಲಿಲ್ಲ. ಉಳಿದವನು ಒಬ್ಬನೇ ಮಗ, ತಿಪ್ಪೇಶ. ಅಪ್ಪನ ಆಲೆಮನೆಗಳನ್ನು ನೋಡಿಕೊಂಡಿದ್ದ, ಮೂವತ್ತೈದರ ಆಸುಪಾಸಿನವನು.

“ಅವ್ನು ನಮ್ಮಣ್ಣನ ಮಗ ಅಲ್ಲ ಸ್ವಾಮಿ. ಮನೆ ಕೆಲ್ಸದ ಕೆಂಪಮ್ಮನ ಮಗ. ಆಸ್ತಿ ನಂಗೆ ಬರ್ಬೇಕು,” ಎಂದರು ನಂಜೇಗೌಡರು.

ನಾನು ಬಾಗಿಲು ಹಾಕಿಸಿ, “ನನ್ನ ಹತ್ತಿರ ಮಾತ್ರ ನಿಜ ಹೇಳಬೇಕು,” ಎಂದೆ. ವಕೀಲನಿಗೆ ಕಕ್ಷಿದಾರ ಹೇಳಿದ್ದು ಹೊರಗೆ ಹೋಗಕೂಡದು. ಆ ಧೈರ್ಯಕ್ಕೆ ಅವರು ನಕ್ಕೇಬಿಟ್ಟರು.

“ಅಣ್ಣನ ಮಗನೇ ಕಣೇಳಿ. ನಿಮ್ ತಾವ ಯಾಕ್ ಸುಳ್ಳಾಡ್ಲಿ? ಮೊರ ಇಡ್ಕಂಡು ತಿಪ್ಪೆ ಗಂಟ ಬಂದೋನು ನಾನೇಯಾ. ಆದ್ರೆ ಅದ ಯೋಳೋರು ಯಾರವ್ರೆ ಈಗ?”

ಆಮೇಲೆ ಅವರು ಹೇಳಿದ ವಿವರವೇ ಇಡೀ ಕೇಸು. ಸಾಕಮ್ಮನವರಿಗೆ ಹುಟ್ಟಿದ ಮೂರು ಕೂಸುಗಳು ತಿಂಗಳು ತುಂಬುವ ಮೊದಲೇ ಸತ್ತಿದ್ದವು. ನಾಲ್ಕನೆಯದು ಹುಟ್ಟಿದಾಗ ಮನೆಯ ಹಿರಿಯರು ನಮ್ಮ ಕಡೆಯ ಹಳೆಯ ಕಟ್ಟಳೆಯಂತೆ ಮಾಡಿದರು. ಮಗುವನ್ನು ಮೊರದಲ್ಲಿಟ್ಟು ತಿಪ್ಪೆಯ ಮೇಲೆ ಹೊರಳಿಸಿ, ಬೇರೆ ಹೆಂಗಸಿಗೆ ಮಾರಿಬಿಡುವುದು. ಹೀಗೆ ಮಾರಿದರೆ ಮಗು ಈ ಮನೆಯದಲ್ಲವೆಂದು ಜವರಾಯ ವಾಪಸು ಹೋಗುತ್ತಾನೆ ಅನ್ನುವ ನಂಬಿಕೆ. ಅದೇ ವಾರ ತನ್ನ ಹಸುಗೂಸನ್ನು ಮಣ್ಣು ಮಾಡಿ ಬಂದಿದ್ದ ಕೆಲಸದ ಕೆಂಪಮ್ಮ ಒಂದು ಮೊರ ತವುಡು ಕೊಟ್ಟು ಈ ಮಗುವನ್ನು ಕೊಂಡಳು. ಸಾಕಮ್ಮನವರಿಗೆ ಹಾಲಿರಲಿಲ್ಲ. ಕೆಂಪಮ್ಮನೇ ಅದೇ ಮನೆಯ ಹಿತ್ತಿಲಲ್ಲಿದ್ದುಕೊಂಡು ಹಾಲೂಡಿಸಿ ಬೆಳೆಸಿದಳು. ಜವರಾಯನಿಗೆ ಪೂರಾ ಮೋಸವಾಗಲಿ ಎಂದು ಚನ್ನೇಗೌಡರು ಇನ್ನೊಂದು ಕೆಲಸವನ್ನೂ ಮಾಡಿದ್ದರು. ಜನನ ನೋಂದಣಿಯಲ್ಲಿ ತಾಯಿ ಕೆಂಪಮ್ಮ, ತಂದೆ ಅವಳ ಗಂಡ ಬೋರಯ್ಯ ಎಂದು ಬರೆಸಿದ್ದರು. ಶಾಲೆಗೆ ಸೇರಿಸುವಾಗ ಮಾತ್ರ ತಂದೆಯ ಜಾಗದಲ್ಲಿ ತಮ್ಮ ಹೆಸರು ಹಾಕಿಸಿದರು. ಮೊದಲ ದಾಖಲೆಯನ್ನು ಯಾರೂ ತಿದ್ದಿಸಲಿಲ್ಲ. ಬೋರಯ್ಯ ಸತ್ತು ಬಹಳ ವರ್ಷವಾಗಿತ್ತು. ಆ ದಿನ ತಿಪ್ಪೆಯ ಹತ್ತಿರ ಇದ್ದವರಲ್ಲಿ ಬದುಕಿದ್ದವರು ಇಬ್ಬರೇ, ನಂಜೇಗೌಡ ಮತ್ತು ಕೆಂಪಮ್ಮ.

“ಕೆಂಪಮ್ಮ ನಿಜ ಹೇಳಿಬಿಟ್ಟರೆ?” ಎಂದೆ.

“ಯೋಳಕಿಲ್ಲ ಸ್ವಾಮಿ. ಕೊಂಡೋಳು ಬದುಕಿರೋ ಗಂಟ ‘ನನ್ ಮಗ ಅಲ್ಲ’ ಅಂತ ಬಾಯ್ಬುಡಂಗಿಲ್ಲ. ಬಾಯ್ಬುಟ್ರೆ ಮಗ ಸಾಯ್ತಾನೆ ಅಂತ ನಂಬವ್ಳೆ ಮುದ್ಕಿ.”

ಕಾನೂನು ಕಾಲೇಜಿನಲ್ಲಿ ಓದುವಾಗ ಹದಿನೆಂಟನೇ ಶತಮಾನದ ಒಂದು ಮೊಕದ್ದಮೆ ನನ್ನ ತಲೆ ಹೊಕ್ಕಿತ್ತು. ಐರ್ಲೆಂಡಿನ ಒಬ್ಬ ಜಮೀನುದಾರ ಪ್ರಭು ಸತ್ತಾಗ, ಅವನ ತಮ್ಮ ಅಣ್ಣನ ಮಗನನ್ನು ಹಡಗು ಹತ್ತಿಸಿ ಅಮೆರಿಕಕ್ಕೆ ಜೀತಕ್ಕೆ ಸಾಗಿಸಿದ. ಆಸ್ತಿ, ಬಿರುದು ಎರಡನ್ನೂ ತಾನೇ ನುಂಗಿದ. ವರ್ಷಗಳ ಮೇಲೆ ಹುಡುಗ ವಾಪಸು ಬಂದು ದಾವೆ ಹೂಡಿದಾಗ ಚಿಕ್ಕಪ್ಪನ ವಕೀಲರು ಎತ್ತಿದ ವಾದ ಒಂದೇ: ಇವನು ಪ್ರಭುವಿನ ಹೆಂಡತಿಯ ಮಗನಲ್ಲ, ಹಾಲೂಡಿಸಿದ ದಾದಿಯ ಮಗ. ಜ್ಯೂರಿ ಹುಡುಗನ ಪರ ನಿಂತಿತು. ಆದರೂ ಬಿರುದು ಅವನ ಪಾಲಿಗೆ ಬರಲೇ ಇಲ್ಲ, ಕಾಯುತ್ತಲೇ ಸತ್ತ. ಓದಿದಾಗ ನನಗೆ ಆ ಹುಡುಗನ ಮೇಲೆ ಕನಿಕರವಾಗಿತ್ತು. ನಂಜೇಗೌಡರು ಎದುರಿಗೆ ಕೂತ ದಿನ ಅದೇ ಕಥೆ ನೆನಪಾಗಿ, ಆ ವಕೀಲರು ಎಲ್ಲಿ ಎಡವಿದರು ಎಂದು ಲೆಕ್ಕ ಹಾಕತೊಡಗಿದೆ. ಮನುಷ್ಯ ಹೇಗೆ ಬದಲಾಗುತ್ತಾನೆ ನೋಡಿ. ವಕಾಲತ್ತಿಗೆ ಅವರ ಸಹಿ ಹಾಕಿಸಿಕೊಂಡೆ.

ದಾವೆ ಹೂಡಿದೆವು. ತಿಪ್ಪೇಶ ಬೋರಯ್ಯನ ಮಗ, ಶಾಲೆಯ ದಾಖಲೆಯಲ್ಲಿರುವುದು ಸಾಕಿದವರ ಹೆಸರು ಮಾತ್ರ, ದತ್ತು ತೆಗೆದುಕೊಂಡ ಪತ್ರವಿಲ್ಲ, ಸಾಕಿದ ಮಾತ್ರಕ್ಕೆ ಯಾರೂ ವಾರಸುದಾರರಾಗುವುದಿಲ್ಲ, ಮಕ್ಕಳಿಲ್ಲದೆ ಸತ್ತವನ ಆಸ್ತಿ ತಮ್ಮನಿಗೆ ಸೇರಬೇಕು. ನಮ್ಮ ವಾದ ಇಷ್ಟೇ. ತಿಪ್ಪೇಶನ ಕಡೆಗೆ ಒಬ್ಬ ಹೊಸ ವಕೀಲ. ಒಳ್ಳೆಯ ಹುಡುಗ, ಆದರೆ ಆತುರಗಾರ. ಕೆಂಪಮ್ಮನೊಬ್ಬಳು ಬಂದು ನಿಜ ಹೇಳಿದರೆ ಎಲ್ಲ ಸರಿಹೋಯಿತು ಎಂದುಕೊಂಡ. ಅವಳ ಹೇಳಿಕೆಯನ್ನು ಅಫಿಡವಿಟ್ಟಿನಲ್ಲಿ ಚೆನ್ನಾಗಿ ಟೈಪು ಮಾಡಿಸಿ ಹೆಬ್ಬೆಟ್ಟು ಒತ್ತಿಸಿದ. ಈಗ ಸಾಕ್ಷಿಯ ಮುಖ್ಯ ಹೇಳಿಕೆ ಹೀಗೆ ಬರಹದಲ್ಲೇ ಬರುತ್ತದೆ, ಬಾಯಿಬಿಡಬೇಕಾದದ್ದು ಪಾಟೀ ಸವಾಲಿನಲ್ಲಿ ಮಾತ್ರ. ‘ತಿಪ್ಪೇಶ ನಾನು ಹೆತ್ತ ಮಗನಲ್ಲ’ ಎಂಬ ಸಾಲು ಆ ಕಾಗದದಲ್ಲಿತ್ತು. ಅದನ್ನು ಅವಳಿಗೆ ಪೂರ್ತಿ ಓದಿ ಹೇಳಿರಲಿಕ್ಕಿಲ್ಲ ಎಂದು ನಾನು ಅಂದಾಜು ಮಾಡಿದ್ದೆ. ಅಂದಾಜು ಸರಿಯಾಗಿತ್ತು.

ಪಾಟೀ ಸವಾಲಿನ ದಿನ ತಿಪ್ಪೇಶನೇ ಅವಳ ಕೈ ಹಿಡಿದು ಕರೆತಂದ. ಒಗೆದ ಹತ್ತಿ ಸೀರೆ, ಬೆನ್ನು ಬಾಗಿದ ಸಣ್ಣ ಜೀವ. ಕಟಕಟೆಯ ಮೆಟ್ಟಿಲು ಹತ್ತಿಸುವಾಗ ಅವಳ ಕಾಲು ಎಡವೀತೆಂದು ತಿಪ್ಪೇಶ ಬಗ್ಗಿ ಸೀರೆಯ ನೆರಿಗೆ ಸರಿಮಾಡಿದ. ಹಿಂದಿನ ಬೆಂಚು ಆಗಲೇ ತುಂಬಿತ್ತು. ತವುಡಿನ ಕಥೆ ಅವಳ ಅಫಿಡವಿಟ್ಟಿನಲ್ಲಿ ಇದ್ದೇ ಇತ್ತು, ಅದು ಬರೀ ಶಾಸ್ತ್ರದ ಆಟ ಅನ್ನಿಸಿಬಿಡಲೆಂದು ನಾನೇ ಮೊದಲು ಎತ್ತಿದೆ.

“ಏನಜ್ಜಿ, ಈ ತಿಪ್ಪೇಶನನ್ನು ತವುಡು ಕೊಟ್ಟು ಕೊಂಡದ್ದು ನಿಜವೋ?”

“ಊಂ ಬುದ್ಧಿ. ಒಂದ್ ಮೊರ ತವುಡು.”

“ಯಾರ ಹಾಲು ಕುಡಿದು ಬೆಳೆದ?”

“ನಂದೇಯಾ.”

“ಆಮೇಲೆ ವಾಪಸು ಮಾರಿದೆಯಾ?”

“ಮಗೀನ ಯಾರಾರ ಮಾರ್ತಾರಾ ಬುದ್ಧಿ?” ಎಂದು ಅವಳು ನನ್ನನ್ನೇ ಗದರಿದಳು. ಹಿಂದಿನ ಬೆಂಚಿನಲ್ಲಿ ನಗು ಎದ್ದಿತು. ನಾನೂ ನಕ್ಕೆ.

ನಂತರ ನಗು ನಿಲ್ಲಿಸಿ ಹೇಳಿದೆ: “ಹಾಗಾದರೆ ‘ಇವನು ನನ್ನ ಮಗನಲ್ಲ’ ಎಂದು ಈ ಕೋರ್ಟಿನ ಮುಂದೆ ಗಟ್ಟಿಯಾಗಿ ಹೇಳು.”

ಅವಳು ಕಟಕಟೆಯ ಮರವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅವಳ ಮುಖದಲ್ಲಿ ಆಗ ಕಂಡದ್ದು ಹೆದರಿಕೆ. ನನ್ನ ಹೆದರಿಕೆಯಲ್ಲ, ಕೋರ್ಟಿನದೂ ಅಲ್ಲ. ಆಲೆಮನೆ ಹೋದರೆ ಹೋಗಲಿ, ಮಗ ಹೋಗಬಾರದು ಎನ್ನುವ ಹೆದರಿಕೆ. ಅದಕ್ಕಾಗಿಯೇ ನಾನು ಆ ಪ್ರಶ್ನೆಯನ್ನು ಹೊಸೆದು ತಂದಿದ್ದು.

ತಿಪ್ಪೇಶನಿಗೆ ತಡೆಯಲಾಗಲಿಲ್ಲ. ಎದ್ದು ನಿಂತು ಕೂಗಿದ: “ಯವ್ವಾ, ನಿಜ ಯೋಳವ್ವಾ! ನಂಗೇನೂ ಆಗಕಿಲ್ಲ!”

ನಾನು ನ್ಯಾಯಾಧೀಶರ ಕಡೆ ತಿರುಗಿ, “ಪ್ರತಿವಾದಿ ಸಾಕ್ಷಿಯನ್ನು ಅವ್ವ ಎಂದು ಕರೆದದ್ದು ದಾಖಲಾಗಬೇಕು ಸ್ವಾಮಿ,” ಎಂದೆ. ಅವನು ಕುಸಿದು ಕೂತ. ಅವನ ವಕೀಲ ಆಕ್ಷೇಪಣೆ ಎತ್ತಲೂ ಮರೆತ.

ಅಫಿಡವಿಟ್ಟನ್ನು ಅವಳ ಮುಂದೆ ಹಿಡಿದು ಎರಡನೇ ಸಲ ಕೇಳಿದೆ: “ನಿನ್ನ ಹೆಬ್ಬೆಟ್ಟಿನ ಕಾಗದದಲ್ಲಿ ಮಗನಲ್ಲ ಎಂದು ಬರೆದಿದೆ. ನಿಜವೋ, ಸುಳ್ಳೋ?”

“ಅಂಗ್ ಬರ್ದವ್ರಾ?” ಎಂದು ಬೆಚ್ಚಿಬಿದ್ದಳು. “ಸುಳ್ಳು ಬುದ್ಧಿ. ಅದ ಅರ್ದಾಕಿ. ಇವ್ನು ನನ್ ಮಗ.”

ಮೂರನೇ ಸಲ, ದೇವರ ಮೇಲೆ ಪ್ರಮಾಣ ಮಾಡಿದ್ದನ್ನು ನೆನಪಿಸಿ, ಒಂದೊಂದೇ ಪದ ಬಿಡಿಸಿ ಕೇಳಿದೆ: “ಇವನು ಯಾರ ಮಗ?”

“ನನ್ ಮಗ, ನನ್ ಮಗ! ಇನ್ನೆಷ್ಟ್ ಸಲ ಯೋಳ್ಲಿ ಬುದ್ಧಿ?” ಎಂದವಳೇ ಸೆರಗು ಬಾಯಿಗೆ ಒತ್ತಿಕೊಂಡು ಅಳತೊಡಗಿದಳು. ನಾನು ತಲೆಬಾಗಿ, “ಪಾಟೀ ಸವಾಲು ಮುಗಿಯಿತು,” ಎಂದು ಕೂತೆ. ಹೊರಗೆ ಬಂದಾಗ ಕಿರಿಯರು ಕೈ ಕುಲುಕಿದರು.

ಆಮೇಲೆ ಆ ಹೊಸ ವಕೀಲ ಡಿಎನ್‌ಎ ಪರೀಕ್ಷೆಗೆ ಅರ್ಜಿ ಹಾಕಿದ. ಕೆಂಪಮ್ಮನ ರಕ್ತ, ತಿಪ್ಪೇಶನ ರಕ್ತ ತಾಳೆ ನೋಡಿದರೆ ಅವಳು ಹೆತ್ತವಳಲ್ಲ ಎಂದು ಗೊತ್ತಾಗುತ್ತಿತ್ತು. ಕೆಂಪಮ್ಮ ರಕ್ತ ಕೊಡಲು ಒಪ್ಪಲಿಲ್ಲ. “ರಕ್ತ ಬಾಯ್ಬುಡ್ತದೆ ಅಂದ್ರೆ ನಾ ಕೊಡಕಿಲ್ಲ,” ಎಂದಳಂತೆ. ಬಲವಂತ ಮಾಡಬೇಡಿ ಎಂದು ತಿಪ್ಪೇಶನೇ ಹೇಳಿದನಂತೆ. ಚಿಕ್ಕಪ್ಪ ನಂಜೇಗೌಡರ ರಕ್ತವನ್ನು ಕೇಳಿದ್ದರೆ ಸಾಕಿತ್ತು. ಗಂಡಸಿನ ವಂಶದ ಗುರುತು ಅದರಲ್ಲೂ ಸಿಗುತ್ತದೆ. ಆ ಹುಡುಗನಿಗೆ ಅದು ಹೊಳೆಯಲಿಲ್ಲ. ನನಗೆ ಹೊಳೆದಿತ್ತು. ಎದುರಾಳಿಗೆ ದಾರಿ ತೋರಿಸುವುದು ನನ್ನ ಕೆಲಸವಲ್ಲ ಎಂದು ಸುಮ್ಮನಿದ್ದೆ.

ನ್ಯಾಯಾಧೀಶರು ತಮ್ಮ ಮುಂದಿದ್ದ ಸಾಕ್ಷ್ಯದಂತೆ ತೀರ್ಪು ಬರೆದರು. ಅವರದೇನೂ ತಪ್ಪಿಲ್ಲ. ಡಿಕ್ರಿ ಜಾರಿ ಮಾಡಲು ಕೋರ್ಟಿನ ಅಮೀನ ಹೋದ ದಿನ ನಂಜೇಗೌಡರ ಒತ್ತಾಯಕ್ಕೆ ನಾನೂ ಜೊತೆಗಿದ್ದೆ. ತಿಪ್ಪೇಶ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ಹೊತ್ತು ಹೊರಗೆ ಬಂದ. ಹಿಂದೆ ಕೆಂಪಮ್ಮ. ಆಲೆಮನೆಯ ಆಳುಗಳೆಲ್ಲ ನೋಡುತ್ತ ನಿಂತಿದ್ದರು.

“ಲೇ ತಿಪ್ಪ, ಎಲ್ಲಿಗ್ಲಾ ಓಯ್ತಿಯಾ? ಒಲೆಗೆ ಸೋಗೆ ತುಂಬೋ ಕೆಲ್ಸ ಐತೆ, ಬಾ,” ಎಂದರು ನಂಜೇಗೌಡರು. “ಕೆಲ್ಸದೋಳ ಮಗಂಗೆ ಅದು ಬಂದೇ ಬತ್ತದೆ.” ಕೆಲವು ಆಳುಗಳು ನಗಬೇಕಾದ್ದರಿಂದ ನಕ್ಕರು. ತಿಪ್ಪೇಶ ತಿರುಗಿ ನೋಡಲಿಲ್ಲ. ಅವರಿಬ್ಬರೂ ಬೆಳ್ಳೂರು ಕ್ರಾಸಿಗೆ ಹೋದರು, ಅವನು ಅಲ್ಲಿ ಗೂಡ್ಸ್ ಆಟೋ ಓಡಿಸುತ್ತಿದ್ದಾನೆ ಎಂದು ಆಮೇಲೆ ಕೇಳಿದೆ. ಮೇಲ್ಮನವಿಯನ್ನು ಅವನು ಹಾಕಲೇ ಇಲ್ಲ.

ಎರಡು ವರ್ಷ ಕಳೆದ ಮೇಲೆ ನನ್ನ ಅಕ್ಕನ ಅಸ್ಥಿ ಬಿಡಲು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ ಹೋಗಿದ್ದೆ. ಪಕ್ಕದ ಮೆಟ್ಟಿಲಲ್ಲಿ ತಲೆ ಬೋಳಿಸಿಕೊಂಡು ಒದ್ದೆ ಪಂಚೆಯಲ್ಲಿ ಕೂತವನು ತಿಪ್ಪೇಶ. ಮುಂದೆ ಮಡಕೆ. ಕೇಳುವ ಅಗತ್ಯವಿರಲಿಲ್ಲ. ಕೆಂಪಮ್ಮ ಹೋಗಿದ್ದಳು.

ಅವನು ನನ್ನನ್ನು ಗುರುತು ಹಿಡಿದ. ಬೈಯಲಿ ಎಂದು ಕಾದೆ, ಬೈಯಲಿಲ್ಲ. ಆಗ ನಾನು ವಕೀಲ ಆಡಬಾರದ ಮಾತು ಆಡಿದೆ. ಅದು ನನ್ನ ಕಕ್ಷಿದಾರನಿಗೆ ಬಗೆದ ದ್ರೋಹ, ಗೊತ್ತಿದ್ದೇ ಆಡಿದೆ. “ಇನ್ನು ಹೆದರಲು ಅವಳಿಲ್ಲವಲ್ಲಪ್ಪ. ತಡವಾದದ್ದಕ್ಕೆ ಕಾರಣ ಕೊಟ್ಟು ಮೇಲ್ಮನವಿ ಹಾಕು. ಚಿಕ್ಕಪ್ಪನ ರಕ್ತ ಪರೀಕ್ಷೆ ಕೇಳು. ನೀನು ಗೆಲ್ಲಬಹುದು.”

ಅವನು ಮಡಕೆಯ ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿದ.

“ಅವ್ವ ಸಾಯೋ ಗಂಟ ಒಂದೇ ಮಾತಾಡ್ತಿದ್ಲು ಸಾರ್,” ಎಂದ. “‘ಆ ಲಾಯರಪ್ಪ ಏನ್ ಕೇಳುದ್ರೂ ನಾ ಬುಡ್ನಿಲ್ಲ ಕಣ್ಲಾ, ನಿನ್ನ ಉಳಿಸ್ಕಂಡೆ’ ಅಂತ. ಕಂಡೋರ್ಗೆಲ್ಲಾ ಯೋಳ್ತಿದ್ಲು. ಅದು ಸುಳ್ಳು ಅಂತ ಈಗ ನಾನೇ ಕೋರ್ಟ್‌ಗೆ ಬರ್ಕೊಡ್ಲಾ?”

ಅವನು ಮಡಕೆ ಎತ್ತಿಕೊಂಡು ನೀರಿಗೆ ಇಳಿದ.

ಮುಂದಿನ ತಿಂಗಳೇ ಬೋರ್ಡು ಇಳಿಸಿದೆ. ವಯಸ್ಸಾಯಿತು ಎಂದು ಎಲ್ಲರಿಗೂ ಹೇಳಿದೆ. ಈಗಲೂ ಕಿರಿಯ ವಕೀಲರು ಪಾಟೀ ಸವಾಲಿನ ಗುಟ್ಟು ಕೇಳಿಕೊಂಡು ಮನೆಗೆ ಬರುತ್ತಾರೆ. ಸಾಕ್ಷಿ ಯಾವ ಮಾತನ್ನು ಆಡಲಾರನೋ ಅದನ್ನು ಹುಡುಕಿ ಎಂದು ಮೊದಲು ಹೇಳಿಕೊಡುತ್ತಿದ್ದೆ. ಏಕೆ ಆಡಲಾರ ಎಂಬುದನ್ನೂ ತಿಳಿದುಕೊಳ್ಳಿ, ತಿಳಿದ ಮೇಲೆ ಎಲ್ಲಿ ನಿಲ್ಲಿಸಬೇಕು ಎಂದು ನೀವೇ ನಿರ್ಧರಿಸಿ ಎಂದು ಈಗ ಸೇರಿಸುತ್ತೇನೆ. ಅವರಿಗೆ ಇದು ಮುದುಕನ ಉಪದೇಶದಂತೆ ಕೇಳಿಸುತ್ತದೆ. ಪೂರ್ತಿ ವಿವರ ಅವರಿಗೆ ಹೇಳಿಲ್ಲ, ಇಲ್ಲಿ ಬರೆಯುತ್ತಿದ್ದೇನೆ. ಕೆಂಪಮ್ಮ ಎರಡನೇ ಸಲ ಉತ್ತರ ಕೊಟ್ಟಾಗಲೇ ಆ ಕೇಸು ನನ್ನ ಕೈಗೆ ಬಂದಿತ್ತು. ಮೂರನೇ ಸಲ ಕೇಳಬೇಕಾದ ಅಗತ್ಯವೇ ಇರಲಿಲ್ಲ. ಹಿಂದಿನ ಬೆಂಚು ನೋಡುತ್ತಿದೆ ಎಂದು ಕೇಳಿದೆ.