ಹಿರಿಸೊಸೆಯ ಜಾಡಿ

ನನ್ನ ವಾರಗಿತ್ತಿ ಮಾಲ್‌ನಾಮಳ ಮನೆ ಸುಟ್ಟುಹೋದ ಮೇಲೆ ಉಳಿದದ್ದು ಒಂದು ಜಾಡಿ. ಹಿತ್ತಲಲ್ಲಿ ಹದಿನೇಳಿದ್ದವು. ಕಾಡಿನ ಬೆಂಕಿ ಗಾಳಿ ಹಿಡಿದು ಗುಡ್ಡ ಇಳಿದು ಬಂದ ಆ ಮಾರ್ಚ್ ಮಧ್ಯಾಹ್ನ ಹದಿನಾರು ಬಿರಿದವು. ಉಳಿದದ್ದು ನಮ್ಮ ಅತ್ತೆಯ ಅತ್ತೆ ಇಟ್ಟ, ಅಡುಗೆಗೆ ಉಪ್ಪಿನ ಬದಲು ಹಾಕುವ ಸೋಯಾ ರಸದ ಜಾಡಿ. ಮೊಸರಿಗೆ ಹೆಪ್ಪು ಇದ್ದ ಹಾಗೆ ಇದಕ್ಕೂ ಹಳೆಯದು ಬೇಕು. ವರ್ಷಕ್ಕೊಮ್ಮೆ ಹೊಸ ರಸ ಸುರಿದು, ಹಳೆಯದು ಮುಗಿಯದ ಹಾಗೆ ನೋಡಿಕೊಳ್ಳುವುದು ಹಿರಿಸೊಸೆಯ ಹಕ್ಕು. ನಾನು ಕಿರಿಯವಳು. ನಲವತ್ತು ವರ್ಷದಿಂದ ಒಂದು ಬಟ್ಟಲು ಕೇಳುತ್ತಲೇ ಇದ್ದೆ.

"ಅಕ್ಕಾ, ಒಂದೇ ಬಟ್ಟಲು. ನಿನ್ನ ಗಂಟೇನು ಹೋಗುತ್ತೆ?"

"ಹಿರೀಮನೆ ದಾಟಿದ್ರೆ ರುಚಿ ಕೆಡುತ್ತೆ. ನೀನು ಅಂಗಡೀದು ತಿನ್ನು, ನಿನ್ನ ನಾಲಿಗೆಗೆ ಅದೇ ಹೆಚ್ಚು."

ಜಿಪುಣಿ ಎಂದು ಬೈಯುತ್ತಲೇ ನಾನೂ ಮುದುಕಿಯಾದೆ.

ಸಿಯೋಲ್‌ನ ಟಿ.ವಿ.ಯವರು ಎರಡು ದಿನ ಬಂದು ಹೋದರು. ಸರ್ಕಾರದವರು ಅವಳಿಗೊಂದು ತಗಡಿನ ಮನೆ ಕೊಟ್ಟರು, ಊರಿಗೆಲ್ಲ ಬಾಟಲಿ ನೀರು ಹಂಚಿದರು. ನಮ್ಮ ನಲ್ಲಿಗೆ ನೀರು ಬರುವುದು ಕಣಿವೆಯಿಂದ, ಗುಡ್ಡದ ಮೇಲೆ ಎಳೆದ ಪ್ಲಾಸ್ಟಿಕ್ ಪೈಪಿನಲ್ಲಿ. ಬೆಂಕಿಗೆ ಅದು ಕರಗಿದ ಕಡೆ ಹೊಸ ತುಂಡು ಜೋಡಿಸಿದರು. ಮೊದಲ ಮಳೆಗೆ ನಲ್ಲಿಯಲ್ಲಿ ಬೂದಿ ಬಂತು, ವಾರದಲ್ಲಿ ತಿಳಿಯಾಯಿತು. ಇನ್ನೂ ಕುಡಿಯಬೇಡಿ ಎಂದು ಊರ ಚಾವಡಿಗೆ ಚೀಟಿ ಅಂಟಿಸಿದ್ದರು.

ಮಾಲ್‌ನಾಮ್ ತವರಿನಿಂದ ಹುಳಿಸಿದ ಸೋಯಾ ಮುದ್ದೆಯನ್ನೂ ಒಂದು ಹೊಸ ಜಾಡಿಯನ್ನೂ ತರಿಸಿ, ಪಂಚಾಂಗದಲ್ಲಿ ರಸ ಇಡಲು ಶುಭವೆನ್ನುವ ಕುದುರೆಯ ದಿನ ನೋಡಿ, ನಲ್ಲಿ ನೀರಿಗೆ ಉಪ್ಪು ಕದಡಲು ಕೂತಳು.

"ಬಾಟ್ಲಿ ನೀರಿದೆಯಲ್ಲ ಅಕ್ಕಾ?"

"ಸತ್ತ ನೀರಲ್ಲಿ ಯಾರಾದ್ರೂ ರಸ ಇಡ್ತಾರಾ?"

"ನಲ್ಲಿ ನೀರಲ್ಲಿ ಮಸಿ ಬಂದಿತ್ತಲ್ಲ."

"ಮಸಿ ಅಂದ್ರೇನು, ಇದ್ದಿಲು. ಕೆಟ್ಟದ್ದು ಹೀರ್ಲಿ ಅಂತ ನಾವೇ ಜಾಡಿಗೆ ಇದ್ದಿಲು ಹಾಕಲ್ವಾ? ಈ ಸಲ ಗುಡ್ಡಾನೇ ಹಾಕಿಕೊಟ್ಟಿದೆ."

ಬೆಂಕಿಯಾದ ಮೇಲೆ ನಾವಿಬ್ಬರೂ ನಕ್ಕದ್ದು ಅದೊಂದೇ ಸಲ. ನನಗೂ ಸರಿ ಅನ್ನಿಸಿತು. ನೀರು ಹೊತ್ತವಳು ನಾನೇ. ಅವಳು ಕಾದು ಕೆಂಡವಾಗಿದ್ದ ಎರಡು ಇದ್ದಿಲು, ಮೂರು ಒಣಮೆಣಸಿನಕಾಯಿ ತೇಲಿಬಿಟ್ಟಳು.

ಐವತ್ತು ದಿನದ ಮೇಲೆ ಸೋಸಿ, ಕುದಿಸಿ, ಆರಿಸಿ, ಹಳೆಯ ಜಾಡಿಗೆ ಸುರಿದಳು. ನಾನು ಮಾರು ದೂರದಲ್ಲಿ ನಿಂತಿದ್ದೆ, ಹತ್ತಿರ ಬಿಟ್ಟುಕೊಂಡರೆ ತಾನೆ. ಸುರಿಯುವ ಮೊದಲು ಹಳೆಯದರಲ್ಲಿ ಒಂದು ಬಟ್ಟಲು ಕೇಳೋಣವೆಂದು ಬಾಯಿಗೆ ಬಂತು. ಮನೆ ಸುಟ್ಟವಳ ಹತ್ತಿರ ಏನು ಕೇಳುವುದು ಎಂದು ಸುಮ್ಮನಾದೆ.

ಮುಂದಿನ ವಾರ ನಲ್ಲಿ ನೀರು ಪರೀಕ್ಷೆಗೆ ಬಂದ ಹೆಂಗಸು ಜಾಡಿ ನೋಡಿದಳು, ಯಾವ ನೀರು ಎಂದು ಕೇಳಿದಳು, ರಸವನ್ನು ಒಂದು ಸೀಸೆಗೆ ತುಂಬಿಕೊಂಡು ಹೋದಳು. ಹದಿನೈದು ದಿನಕ್ಕೆ ತಿರುಗಿ ಬಂದಳು.

"ಬೂದಿ ತಳಕ್ಕೆ ಕೂರುತ್ತೆ ಅಜ್ಜಿ. ಕರಗಿದ ಪೈಪಿನ ವಿಷ ನೀರಲ್ಲೇ ಉಳಿಯುತ್ತೆ. ಅದು ಎರಡು ಇದ್ದಿಲಿಗೆ ಬಗ್ಗೋದಲ್ಲ. ರಸಕ್ಕೂ ಬಂದಿದೆ."

"ಹಳೇದಕ್ಕೂ?"

"ಬೆರೆಸಿಬಿಟ್ಟಿದ್ದೀರಲ್ಲ. ಚೆಲ್ಲೋದಾದ್ರೂ ತೋಟಕ್ಕೆ ಚೆಲ್ಲಬೇಡಿ."

ಮಾಲ್‌ನಾಮ್ ತಲೆಯಾಡಿಸಿದಳು. ಬಾಟಲಿ ನೀರಲ್ಲಿ ಬಾರ್ಲಿ ಚಹಾ ಕಾಸಿ ಆ ಹೆಂಗಸಿಗೆ ಕೊಟ್ಟಳು. ಅಕ್ಕ ಅಳಲಿಲ್ಲ, ನಾನೂ ಅಳಲಿಲ್ಲ. ಜೋಮು ಹಿಡಿದ ಕಾಲಿನ ಹಾಗಿತ್ತು ಎದೆ. ಚಿವುಟಿದರೂ ತಿಳಿಯುತ್ತಿರಲಿಲ್ಲ.

ಜಾಡಿಯನ್ನು ಅವಳು ಚೆಲ್ಲಿಲ್ಲ. ಬಿಸಿಲು ಬಂದರೆ ಮುಚ್ಚಳ ತೆಗೆಯುತ್ತಾಳೆ, ಅದರ ಹೊಟ್ಟೆ ಒರೆಸುತ್ತಾಳೆ, ಸಂಜೆಗೆ ಮುಚ್ಚುತ್ತಾಳೆ. ಹಿಂದೆಯೂ ಅಷ್ಟೇ ಮಾಡುತ್ತಿದ್ದಳು. ಮೊನ್ನೆ ನಾನು ಹೋದಾಗ ಹೊಸಿಲ ಮೇಲೆ ಕೂತಿದ್ದಳು.

"ನಿನಗೊಂದು ಬಟ್ಟಲು ಕೊಟ್ಟಿದ್ರೆ ಅಷ್ಟಾದ್ರೂ ಉಳೀತಿತ್ತು, ತಂಗಿ."

"ಆ ದಿನ ನಾನೂ ಕೇಳ್ಲಿಲ್ಲವಲ್ಲ, ಅಕ್ಕಾ."

"ಕೇಳಿದ್ರೂ ಕೊಡ್ತಿರಲಿಲ್ಲ," ಎಂದಳು.

ನಿಜವೇ. ಅಷ್ಟರಲ್ಲಿ ಗುಡ್ಡದ ಕಡೆ ಮೋಡ ಕಟ್ಟಿತು. ಅವಳು ಏಳಲಿಲ್ಲ.

"ಹೋಗಿ ಮುಚ್ಚಳ ಹಾಕಿ ಬಾ."

ಹೋಗಿ ಹಾಕಿ ಬಂದೆ. ನಲವತ್ತು ವರ್ಷದಲ್ಲಿ ನಾನು ಆ ಜಾಡಿಯನ್ನು ಮುಟ್ಟಿದ್ದು ಅದೇ ಮೊದಲು.